ಎರಡು ದಡಗಳ ಪುಸ್ತಕಗಳು



ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಕುಮಾರಪಟ್ಟಣ. ಹೊಳೆಗೆ ಕಟ್ಟಿದ ಹಳೆಯ ಸೇತುವೆ 1868ರಲ್ಲಿಯೇ ಮುಗಿದಿತ್ತು. ಆದರೂ 1956ರ ನವೆಂಬರ್ 1ರವರೆಗೆ ಈ ನೀರೇ ಗಡಿಯಾಗಿತ್ತು: ಆಚೆಯದು ಮೈಸೂರು, ಈಚೆಯದು ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆ. ಮಾತು ಒಂದೇ, ಕಚೇರಿ ಬೇರೆ, ಶಾಲೆ ಬೇರೆ, ಶಾಲೆಯ ಪಠ್ಯವೂ ಬೇರೆ. ಆಚೆಯವರು ಕಾದಂಬರಿಯ ರುಚಿಯನ್ನು ಬಿ. ವೆಂಕಟಾಚಾರ್ಯರ ಮೂಲಕ ವಂಗದೇಶದಿಂದ ಪಡೆದರು. ಈಚೆಯವರು ಗಳಗನಾಥರ ಮೂಲಕ ಮಹಾರಾಷ್ಟ್ರದಿಂದ ಪಡೆದರು. ಗಡಿ ಅಳಿದುಹೋಗಿ ಎಷ್ಟೋ ಕಾಲವಾಯಿತು. ನಮ್ಮ ಪುಸ್ತಕದ ಕಪಾಟುಗಳಲ್ಲಿ ಮಾತ್ರ ಅದು ಇನ್ನೂ ಉಳಿದುಕೊಂಡಿದೆಯೆಂದು ನನ್ನ ಅನಿಸಿಕೆ. ಬೆಂಗಳೂರಿನ ವಿದ್ಯಾವಂತರ ಮನೆಯಲ್ಲಿ ಗಳಗನಾಥರ ಒಂದು ಪುಸ್ತಕವನ್ನು ಹುಡುಕಿ ನೋಡಿ. ರಾಣೆಬೆನ್ನೂರಿನ ಮನೆಯಲ್ಲಿ ಎಂ. ಎಸ್. ಪುಟ್ಟಣ್ಣನವರದೊಂದನ್ನು ಹುಡುಕಿ ನೋಡಿ. ಎರಡು ಕಡೆಯೂ ಬಹುಮಟ್ಟಿಗೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಈ ಕೊರತೆಯನ್ನು ತುಸುವಾದರೂ ತುಂಬಿಕೊಳ್ಳಬೇಕೆಂದು ಕುಮಾರಪಟ್ಟಣದ ನಾವು ಕೆಲವರು ಬರುವ ಕಾರ್ತಿಕದಿಂದ ಮಳೆಗಾಲದ ಮೊದಲವರೆಗೆ ಓದಬೇಕಾದ ಪುಸ್ತಕಗಳನ್ನು ಗೊತ್ತುಮಾಡಿಕೊಂಡಿದ್ದೇವೆ. ನೀವೂ ನಿಮ್ಮ ನಿಮ್ಮ ಊರುಗಳಲ್ಲಿ ನಮ್ಮೊಡನೆ ಓದಬೇಕೆಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ. ಪುಸ್ತಕಗಳು ಏಳೇ. ಮೊದಲು ಇಪ್ಪತ್ತನಾಲ್ಕನ್ನು ಬರೆದಿದ್ದೆವು. ಇಪ್ಪತ್ತನಾಲ್ಕರ ಪಟ್ಟಿ ಗೋಡೆಗೆ ಅಂಟಿಸುವುದಕ್ಕೆ ಚೆನ್ನ, ಓದುವುದಕ್ಕಲ್ಲ.

ಕಾರ್ತಿಕದಲ್ಲಿ ಕನಕಜಯಂತಿ ಬರುವುದರಿಂದ ಮೊದಲನೆಯದು ಕನಕದಾಸರ ರಾಮಧಾನ್ಯ ಚರಿತ್ರೆ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿಯೇ ಇದೆ. ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ನೂರೈವತ್ತಕ್ಕೆ ತುಸು ಮೇಲ್ಪಟ್ಟ ಪದ್ಯಗಳು. ಎರಡು ಸಂಜೆಗಳಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಲಂಕೆಯಿಂದ ಹಿಂದಿರುಗುವ ರಾಮನ ಮುಂದೆ ಬತ್ತಕ್ಕೂ ನರೆದಲೆಗನೆಂಬ ರಾಗಿಗೂ ಯಾರು ಮೇಲೆಂಬ ಜಗಳ ಹತ್ತುತ್ತದೆ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬತ್ತ ಕಂಗೆಟ್ಟು ಹೊರಬರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ರಾಘವನ ಹೆಸರೇ ಅದಕ್ಕೆ ಬಿರುದಾಗುತ್ತದೆ. ಮೇಲುನೋಟಕ್ಕೆ ಧಾನ್ಯಗಳ ವಿನೋದ. ಒಳಗೆ ಇರುವುದು ಹುಟ್ಟಿನ ಹಿರಿಮೆ ಕೊಚ್ಚಿಕೊಳ್ಳುವವರ ವಿಚಾರ. ಬತ್ತವು ಆಡುವ ಬೈಗುಳವನ್ನು ಗಮನವಿಟ್ಟು ಕೇಳಿದವರಿಗೆ ಕವಿಯು ಯಾರ ದನಿಯನ್ನು ನಮಗೆ ಕೇಳಿಸುತ್ತಿದ್ದಾನೆಂಬುದು ತಿಳಿಯದಿರದು. ಈ ಕಾವ್ಯಕ್ಕೆ ಆಚೆ ದಡದಿಂದ ಜೋಡಿಯನ್ನು ನಾವು ಹುಡುಕಲಿಲ್ಲ. ಜೋಳದ ರೊಟ್ಟಿಯ ನಾಡಿನ ಕವಿ ಮುದ್ದೆಯ ನಾಡಿನ ಧಾನ್ಯವನ್ನು ಹಾಡಿರುವಾಗ ಬೇರೆ ಜೋಡಿ ಏತಕ್ಕೆ?

ಮುಂದಿನವು ಎರಡು ಕಾದಂಬರಿಗಳು. ಒಂದು ಗಳಗನಾಥರ ಮಾಧವ ಕರುಣಾವಿಲಾಸ. ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ನಮ್ಮ ಗಳಗನಾಥರು, 1869ರಿಂದ 1942ರವರೆಗೆ ಬಾಳಿದವರು; ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯ ಮೂಲಕ ಈ ಭಾಗದ ಮನೆಮನೆಗೂ ಓದಿನ ಹವ್ಯಾಸವನ್ನು ಹಚ್ಚಿದವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪ್ರಕಾಶಕನೂ ಅಂಗಡಿಯೂ ಗಾಡಿಯೂ ಲೇಖಕನೊಬ್ಬನೇ ಆಗಿದ್ದ ಕಾಲವದು. ವಿದ್ಯಾರಣ್ಯರನ್ನೂ ವಿಜಯನಗರದ ಹುಟ್ಟನ್ನೂ ಕುರಿತ ಈ ಕಥೆ ಗಾತ್ರದಲ್ಲಿ ಹಿರಿದು. ನಡುನಡುವೆ ಉಪದೇಶವೂ ಧಾರಾಳವಾಗಿದೆ. ಬೇಸರವಾದಲ್ಲಿ ಹಾಳೆ ಮಗುಚಬಹುದು, ಅದರಲ್ಲಿ ಅಪರಾಧವೇನೂ ಇಲ್ಲ. ನಮ್ಮೂರಿನ ಬದಿಯಲ್ಲಿ ಹರಿವ ಹೊಳೆಯೇ ಮುಂದೆ ಹಂಪೆಯನ್ನು ಮುಟ್ಟುವುದರಿಂದ ನಮಗಂತೂ ಈ ಕಥೆಯ ಮೇಲೆ ಮಮತೆ ಹೆಚ್ಚು. ಇದಕ್ಕೆ ಎರಡು ತಿಂಗಳು ಕೊಟ್ಟಿದ್ದೇವೆ.

ಇನ್ನೊಂದು ಪುಟ್ಟಣ್ಣನವರ ಮಾಡಿದ್ದುಣ್ಣೋ ಮಹಾರಾಯ, 1915ರದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯ ಬಾಳು ಇದರಲ್ಲಿದೆ. ಗಳಗನಾಥರಲ್ಲಿ ಅರಮನೆ, ಕತ್ತಿ, ಗುರುಪೀಠ. ಇಲ್ಲಿ ಅಡುಗೆಮನೆ, ಜಗಲಿ, ನೆರೆಹೊರೆಯವರ ಬಾಯಿ. ಎರಡನ್ನೂ ಬೆನ್ನುಬೆನ್ನಿಗೆ ಓದಿದರೆ ಕನ್ನಡ ಗದ್ಯವು ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿ ನಡೆಯಲು ಕಲಿತ ಬಗೆ ಕಣ್ಣಿಗೆ ಕಟ್ಟುತ್ತದೆ. ಮೈಸೂರಿನವರಿಗೆ ಗಳಗನಾಥರ ಮರಾಠಿ ನುಡಿಗಟ್ಟು ತೊಡರಬಹುದು, ನಮಗೆ ಪುಟ್ಟಣ್ಣನವರ ಗಾದೆಗಳು ತೊಡರಬಹುದು. ನಾವು ಕಿಸೆಯೆಂದರೆ ನೀವು ಜೇಬೆನ್ನುವಿರಿ. ತೊಡರಿದ ಮಾತುಗಳನ್ನು ಅಂಚಿನಲ್ಲಿ ಗುರುತುಮಾಡಿಕೊಳ್ಳಿರಿ. ಎದುರು ದಡದ ಸ್ನೇಹಿತರೊಬ್ಬರಿಗೆ ಕಾಗದ ಬರೆದು ಕೇಳುವುದಕ್ಕೆ ಒಳ್ಳೆಯ ನೆಪವಾಯಿತು.

ನಾಲ್ಕನೆಯದು ಸರ್ವಜ್ಞನ ವಚನಗಳು, ಐದನೆಯದು ಡಿ. ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗ. ಸರ್ವಜ್ಞನು ಹಿರೇಕೆರೂರು ಸೀಮೆಯವನು. ಚದುರಿಹೋಗಿದ್ದ ಅವನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚುಹಾಕಿಸಿದವರು ಕ್ರೈಸ್ತ ಉಪದೇಶಕರಾದ ಚನ್ನಪ್ಪ ಉತ್ತಂಗಿಯವರು. ಕಗ್ಗ ಬಂದುದು 1943ರಲ್ಲಿ. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದುವುದು ಬೇಡ. ದಿನಕ್ಕೆ ಅಲ್ಲಿಂದೊಂದು, ಇಲ್ಲಿಂದೊಂದು. ಒಬ್ಬನು ಬೀದಿಯಲ್ಲಿ ನಿಂತು ಹೇಳುತ್ತಾನೆ, ಒಬ್ಬರು ಮನೆಯೊಳಗೆ ಕುಳಿತು ಯೋಚಿಸುತ್ತಾರೆ.

ಕೊನೆಯಲ್ಲಿ ಎರಡು ಹೂಗಳು. ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ (1942) ಯಾರಿಗೆ ತಿಳಿಯದು? ಆದರೆ ಸು. ರಂ. ಎಕ್ಕುಂಡಿಯವರ ಬಕುಲದ ಹೂಗಳನ್ನು ಎಷ್ಟು ಜನ ಮೂಸಿದ್ದಾರೆ? ಎಕ್ಕುಂಡಿಯವರು 1923ರಲ್ಲಿ ರಾಣೆಬೆನ್ನೂರಿನಲ್ಲಿ ಹುಟ್ಟಿ, ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಉಪಾಧ್ಯಾಯರಾಗಿದ್ದವರು; ಈ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಡವರನ್ನು ಕುರಿತು ಹೀಗೆ ಮೆಲುದನಿಯಲ್ಲಿ ಕಥೆ ಹೇಳಿದ ಕವಿಗಳು ನಮ್ಮಲ್ಲಿ ವಿರಳ. ಏಳರಲ್ಲಿ ಒಂದನ್ನೇ ಓದುವಷ್ಟು ಬಿಡುವಿರುವವರು ಇದನ್ನು ಓದಲೆಂಬುದು ನನ್ನ ಸ್ವಂತದ ಆಸೆ. ಸ್ನೇಹಿತರಲ್ಲಿ ಇದಕ್ಕೆ ಒಪ್ಪದವರೂ ಉಂಟು.

ಇನ್ನು ಓದುವ ಕ್ರಮ. ಕುಮಾರಪಟ್ಟಣವು ಕಾರ್ಖಾನೆಯ ಊರು. ಬಟ್ಟೆಯ ನೂಲಿಗೆ ಬೇಕಾದ ಮರದ ತಿರುಳು ಇಲ್ಲಿ ತಯಾರಾಗುತ್ತದೆ. ಪಾಳಿಯ ಮೇಲೆ ದುಡಿಯುವವರನ್ನು ಪ್ರತಿ ಶನಿವಾರ ಸಂಜೆ ಆರಕ್ಕೆ ಬನ್ನಿರೆಂದು ಕರೆದು ಫಲವಿಲ್ಲ. ಆದುದರಿಂದ ಒಂದೇ ಭಾಗವನ್ನು ವಾರದಲ್ಲಿ ಎರಡು ಸಲ, ಮುಂಜಾನೆಯೊಮ್ಮೆ ಸಂಜೆಯೊಮ್ಮೆ, ಗಟ್ಟಿಯಾಗಿ ಓದುವುದೆಂದು ಗೊತ್ತುಮಾಡಿದ್ದೇವೆ. ನಗರಗಳಲ್ಲಿರುವ ನಿಮಗೂ ಇದು ಒಗ್ಗೀತು. ಓದಿದ ಮೇಲೆ ಉಪನ್ಯಾಸ ಬೇಡ. ಒಬ್ಬೊಬ್ಬರು ತಮಗೆ ಹಿಡಿಸಿದ ಒಂದು ಮಾತನ್ನೂ ಅರ್ಥವಾಗದ ಒಂದು ಮಾತನ್ನೂ ಹೇಳಿದರೆ ಸಾಕು. ಇಬ್ಬರಿದ್ದರೂ ಕೂಟವೇ.

ಪ್ರತಿಗಳ ಮಾತು ಸ್ವಲ್ಪ ತೊಡಕಿನದು. ಕಗ್ಗವೂ ಮಲ್ಲಿಗೆಯೂ ಎಲ್ಲ ಅಂಗಡಿಗಳಲ್ಲಿ ದೊರೆಯುತ್ತವೆ. ಗಳಗನಾಥರನ್ನೂ ಪುಟ್ಟಣ್ಣನವರನ್ನೂ ಗ್ರಂಥಾಲಯಗಳಲ್ಲಿಯೇ ಅರಸಬೇಕಾದೀತು. ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷಕ್ಕೆ ಕೃತಿಯ ಹಕ್ಕು ಮುಗಿಯುವುದರಿಂದ, ಇವರಿಬ್ಬರ ಪುಸ್ತಕಗಳನ್ನು ನಕಲು ಮಾಡಿ ಹಂಚುವುದಕ್ಕೂ, ಓದಿ ಧ್ವನಿಮುದ್ರಿಸಿ ಕಣ್ಣು ಕಾಣದ ಹಿರಿಯರಿಗೆ ಕಳುಹಿಸುವುದಕ್ಕೂ ಈಗ ಅಡ್ಡಿಯಿಲ್ಲ. ನಾವು ಮಾಧವ ಕರುಣಾವಿಲಾಸದ ಮೊದಲ ಅಧ್ಯಾಯಗಳನ್ನು ಹೀಗೆ ಓದಿಡಬೇಕೆಂದಿದ್ದೇವೆ. ನೀವು ಪುಟ್ಟಣ್ಣನವರದನ್ನು ಓದಿ ಕಳುಹಿಸಿದರೆ ಮೈಸೂರಿನ ಮಾತು ಮೈಸೂರಿನವರ ಬಾಯಿಂದಲೇ ನಮ್ಮ ಕಿವಿಗೆ ಬಿದ್ದೀತು. ರಾಮಧಾನ್ಯ ಚರಿತ್ರೆಯನ್ನು ಮಾತ್ರ ದೀಪಾವಳಿಯೊಳಗೆ ತರಿಸಿಟ್ಟುಕೊಳ್ಳಿರಿ. ಓದು ಕನಕಜಯಂತಿಯ ಸಂಜೆ ಮೊದಲಾಗುತ್ತದೆ.