ಅಂಚಿನಿಂದ ಒಳಕ್ಕೆ: ಒಂದು ಕೌದಿಯ ಪಾಠ

ಹೈದರಾಬಾದ್–ಸೋಲಾಪುರ ಹೆದ್ದಾರಿಗೆ ಬೀದರಿನ ರಸ್ತೆ ಬಂದು ಕೂಡುವ ಊರು ಮನ್ನಾಏಖೇಳ್ಳಿ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೈಯಲ್ಲೇ ಹೊಲಿದ ಹೊದಿಕೆಗೆ ಈ ಸೀಮೆಯ ಕನ್ನಡದ ಮನೆಯಲ್ಲಿ ಕೌದಿ ಎಂದರೆ, ಮರಾಠಿ ಮನೆಯಲ್ಲಿ ಗೋಧಡಿ, ಉರ್ದು ಮನೆಯಲ್ಲಿ ಗುದಡಿ. ಜಹೀರಾಬಾದ್ ಕಡೆಯಿಂದ ಬಂದ ತೆಲುಗು ಸೊಸೆಗೆ ಅದೇ ಬೊಂತ. ಹೆಸರು ನಾಲ್ಕಾದರೂ ಹೊಲಿಗೆ ಒಂದೇ. ಸೂಜಿ ಮುಳುಗುತ್ತ ಏಳುತ್ತ ಸಾಗುವ ನೇರ ಸಾಲು, ಅದರ ಪಕ್ಕಕ್ಕೆ ಇನ್ನೊಂದು.

ನೋಡಲು ಸಲೀಸು. ಆದರೆ ಕಲಿಯಲು ಕೂತವಳ ಕೈಗೆ ಅರ್ಧ ದಿನವಾದರೂ ಸೂಜಿ ಬರುವುದಿಲ್ಲ.

ಬೆಳಗಿನ ಹೊತ್ತೆಲ್ಲ ಅರಿವಿ ಆರಿಸುವುದಕ್ಕೇ ಹೋಗುತ್ತದೆ. ರಾಶಿ ಮುಗಿದು ಮಳೆ ಹಿಡಿಯುವವರೆಗಿನ ಬೇಸಿಗೆಯೇ ಕೌದಿಯ ಕಾಲ. ಹೊಲದಲ್ಲಿ ಕೆಲಸ ಕಡಿಮೆ, ಪಡಸಾಲೆಯಲ್ಲಿ ನೆರಳು ಹೆಚ್ಚು. ಟ್ರಂಕಿನ ತಳದ ಗಂಟು ಬಿಚ್ಚಿ, ಒಗೆದು ಒಣಗಿಸಿದ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಗಟ್ಟಿ ಇದ್ದದ್ದು ಮೇಲಕ್ಕೆ, ಸವೆದದ್ದು ಹೊಟ್ಟೆಯೊಳಕ್ಕೆ, ಉದ್ದಕ್ಕೆ ಹರಿಯದೆ ಉಳಿದ ಸೀರೆ ತಳಕ್ಕೆ. ನೈಲಾನ್, ಪಾಲಿಯೆಸ್ಟರ್ ಪಕ್ಕಕ್ಕೆ. ಅವು ಪದರಿನ ನಡುವೆ ಜಾರುತ್ತವೆ, ಬೆವರು ಹೀರುವುದಿಲ್ಲ. ಹತ್ತಿಯಾದರೆ ತೊಟ್ಟಷ್ಟೂ ಮೆತ್ತಗಾಗುತ್ತದೆ. ಹಾಗಾಗಿ ಹೊಸ ಬಟ್ಟೆಗಿಂತ ಹತ್ತು ವರ್ಷ ಉಟ್ಟ ಸೀರೆಗೆ ಇಲ್ಲಿ ಬೆಲೆ. ಕಷ್ಟವೆಂದರೆ ಅಂಥ ಸೀರೆಗಳೇ ಈಗ ಗಂಟಿನಲ್ಲಿ ಸಿಗುವುದು ಕಡಿಮೆ. ಸೂಜಿ ಹಿಡಿಯುವ ಕೈ ಕಡಿಮೆಯಾಯಿತೆಂದು ಎಲ್ಲರೂ ಮರುಗುತ್ತಾರೆ, ಸೂಜಿಗೆ ತಕ್ಕ ಅರಿವಿ ಕಡಿಮೆಯಾದದ್ದು ಲೆಕ್ಕಕ್ಕೇ ಬಂದಿಲ್ಲ.

ನೆಲಕ್ಕೆ ತಳದ ಸೀರೆ ಹಾಸಿ, ನಾಲ್ಕು ಮೂಲೆ ಜಗ್ಗಿ, ಸುಕ್ಕು ಬಿಡಿಸಿ, ಮೇಲೆ ಪದರುಗಳನ್ನು ಇಡುತ್ತಾರೆ. ಆಮೇಲೆ ದಾರ. ಒಂದೇ ಸಲಕ್ಕೆ ಉದ್ದ ದಾರ ಪೋಣಿಸಿದರೆ ಬೇಗ ಮುಗಿದೀತೆಂಬ ಆಸೆ ಕಲಿಯುವವರಿಗೆಲ್ಲ ಇರುತ್ತದೆ. ಅದು ಹತ್ತು ಹೊಲಿಗೆಗೇ ಸಿಕ್ಕಾಗಿ ಬುದ್ಧಿ ಕಲಿಸುತ್ತದೆ. ಎರಡನೆಯ ತಪ್ಪು ಬಿಗಿತ. "ದಾರ ಜಗ್ಗಬ್ಯಾಡವ್ವ, ನಿರಿಗಿ ಬೀಳ್ತಾವ" ಎಂಬ ಮಾತು ಆ ಮಧ್ಯಾಹ್ನ ಎಷ್ಟು ಸಲ ಬೀಳುತ್ತದೋ. ಎರಡು ಮೂರು ಹೆಂಗಸರು ಒಂದೊಂದು ಬದಿ ಹಿಡಿದು ಕೂತರೆ ಕೆಲಸವೂ ಸಾಗುತ್ತದೆ, ಊರಿನ ಸುದ್ದಿಯೂ ಸಾಗುತ್ತದೆ. ಕೌದಿಯನ್ನು ದಿಟ್ಟಿಸಿ ನೋಡಿದರೆ ಒಂದು ಬದಿಯ ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಂದು ಬದಿಯದು ತೊಗರಿಕಾಳಿನಷ್ಟು ಇರುವುದುಂಟು. ಯಾರು ಎಲ್ಲಿ ಕೂತಿದ್ದರೆಂದು ಹೇಳಲು ಅಷ್ಟು ಸಾಕು.

ಇದು ಮನೆಯ ಕೆಲಸವಷ್ಟೇ ಆಗಿರಲಿಲ್ಲ. ಉತ್ತರ ಕರ್ನಾಟಕದ ಹಲವೆಡೆ ಗೊಂದಲಿಗರ ಹೆಂಗಸರು ಕೂಲಿಗೆ ಕೌದಿ ಹೊಲಿದುಕೊಡುತ್ತ ಬಂದವರು. ಇನ್ನೂ ಹಿಂದಕ್ಕೆ ಹೋದರೆ, ಇಲ್ಲಿಗೆ ಹತ್ತಿರದ ಬಸವಕಲ್ಯಾಣದಲ್ಲಿ, 12ನೇ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ, ನೂಲುವ ಕದಿರ ರೆಮ್ಮವ್ವೆಯ ಹೆಸರಿದೆ.

ಕೌದಿಯ ಬಳಗದಲ್ಲಿ ಲೋಕದ ಕಣ್ಣಿಗೆ ಬಿದ್ದದ್ದು ಮಾತ್ರ ಉತ್ತರ ಕನ್ನಡದ ಸಿದ್ದಿಯರದು. ಆಫ್ರಿಕಾ ಮೂಲದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿದ್ದಾರೆ. ತಮ್ಮ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರೊಡನೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ಕವಂದಿಗಳು ತೂಗಿದವು.

ಅಲ್ಲಿನ ಹೊದಿಕೆ ಹೊಲಿಯುವ ಹವ್ಯಾಸಿಗಳಿಗೆ ಬೆರಗು ಹುಟ್ಟಿಸಿದ್ದು ಹೊಲಿಯುವ ಕ್ರಮ. ಅವರದು ಮೊದಲು ಅಳೆದು, ಕತ್ತರಿಸಿ, ಚೌಕಗಳನ್ನು ಜೋಡಿಸಿ ಮೇಲ್ಪದರ ಸಿದ್ಧಮಾಡಿ, ನಡುವೆ ಹತ್ತಿಯ ಹಾಳೆ ಇಟ್ಟು, ಕಡೆಗೆ ಅಂಚು ಕಟ್ಟುವ ಪದ್ಧತಿ. ಸಿದ್ದಿ ಹೆಂಗಸು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾಳೆ. ಕೈಗೆ ಸಿಕ್ಕ ತುಂಡನ್ನು ಅಲ್ಲಲ್ಲೇ ಮಡಚಿ ಕೂರಿಸುತ್ತಾಳೆ. ಮುಂದಿನ ಬಣ್ಣ ಯಾವುದೆಂದು ನಕಾಶೆ ಇಲ್ಲ. ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ, ಫುಲ ಎಂಬ ತುಂಡು ಹಚ್ಚದೆ ಕವಂದಿ ಪೂರ್ತಿಯಾಯಿತು ಅನ್ನುವುದಿಲ್ಲ. ಕೆಲವರು ನಡುವಿನ ಕೊನೆಯ ತೆರಪು ಮುಚ್ಚುವ ಮುನ್ನ ನಾಲ್ಕು ಅಕ್ಕಿಕಾಳು ಹಾಕಿ ಹೊಟ್ಟೆ ತುಂಬಿಸುತ್ತಾರೆ. ಹೊದ್ದವರ ಹೊಟ್ಟೆಯೂ ತುಂಬಿರಲಿ ಎಂದು.

ಬೀದರ್ ಜಿಲ್ಲೆಯ ಕೌದಿಗೆ ಅಂಥ ಗೋಡೆ ಸಿಕ್ಕಿಲ್ಲ. ಸಿಕ್ಕಿದ್ದು ಎದುರಾಳಿ: ಇದೇ ಹೆದ್ದಾರಿಯಲ್ಲಿ ಬರುವ ಸೋಲಾಪುರದ ಚಾದರ, ಪಾಣಿಪತ್ತಿನ ರಗ್ಗು. ಒಂದು ದೊಡ್ಡ ಕೌದಿಗೆ ಬೇಕಾಗುವ ದಿನಗಳನ್ನು ಕೂಲಿಯ ಲೆಕ್ಕ ಹಾಕಿದರೆ ಅಂಗಡಿಯ ರಗ್ಗೇ ಅಗ್ಗ. ಚಳಿಗೆ ಹೆಸರಾದ ಈ ಜಿಲ್ಲೆಯಲ್ಲಿ ಎರಡಕ್ಕೂ ಗಿರಾಕಿ ಇರಬೇಕಿತ್ತು. ಆದರೂ ಕೂಸು ಹುಟ್ಟುವ ಸುಳಿವು ಸಿಕ್ಕ ಮನೆಯಲ್ಲಿ ಅಜ್ಜಿಯೊಬ್ಬಳು ಹಳೆ ಸೀರೆ ಹುಡುಕುವುದು ನಿಂತಿಲ್ಲ. ಎಳೆ ಮೈಗೆ ಹೊಸ ಅರಿವಿ ಚುಚ್ಚುತ್ತದೆ, ಹಳತು ಚುಚ್ಚುವುದಿಲ್ಲ.

ಕಲಿಯುವವಳು ಶುರುಮಾಡಬೇಕಾದದ್ದೂ ಆ ಕೂಸಿನ ಕೌದಿಯಿಂದಲೇ. ಸಣ್ಣದು, ತಪ್ಪಾದರೆ ಬಿಚ್ಚಬಹುದು. ಸಂಜೆಯ ಹೊತ್ತಿಗೆ ನಾಲ್ಕೈದು ಸಾಲು, ತೋರುಬೆರಳಿಗೆ ಒಂದಷ್ಟು ತೂತು, ಮಡಿಚಿಟ್ಟ ಅರಿವಿಯಲ್ಲಿ ಸಿಕ್ಕಿಸಿದ ಸೂಜಿ: ಮೊದಲ ದಿನಕ್ಕೆ ಇಷ್ಟೇ.

ಪರೀಕ್ಷೆ ಇರುವುದು ದಸರೆಯ ಮುಂಚೆ, ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೋ ಬಾವಿಗೋ ಹೋಗುವ ದಿನ. ನೀರು ಕುಡಿದ ಕೌದಿಯನ್ನು ಒಬ್ಬಳೇ ಎತ್ತಲಾಗದು. ತುಳಿದು, ಬಡಿದು, ಇಬ್ಬರು ಎರಡು ತುದಿ ಹಿಡಿದು ಹಿಂಡುವಾಗ ಉದ್ದುದ್ದ ಹೊಲಿಗೆಗಳು ಮೊದಲು ಪಟಪಟನೆ ಹರಿಯುತ್ತವೆ.