ಆಟದ ಕಂಪ್ಯೂಟರಿಗೆ ವಯಸ್ಸಾದಾಗ

ಆಟವಾಡುವ ಕಂಪ್ಯೂಟರು ಇರುವ ಮನೆಗಳಲ್ಲಿ ಏಳೆಂಟು ವರ್ಷ ಕಳೆಯಿತೆಂದರೆ ಒಂದು ವಾದ ಶುರುವಾಗುತ್ತದೆ. "ಇದು ಹಳೆಯದಾಯಿತು, ಆಟ ತಡೆತಡೆದು ಓಡುತ್ತಿದೆ, ಬದಲಾಯಿಸಲೇಬೇಕು" ಎನ್ನುತ್ತಾನೆ ಮಗ. "ಗುಂಡಿ ಒತ್ತಿದರೆ ಚಾಲೂ ಆಗುತ್ತದೆ, ಅರ್ಜಿ ತುಂಬಲು ಬರುತ್ತದೆ, ಪ್ರಿಂಟು ಬರುತ್ತದೆ, ಇನ್ನೇನು ಬೇಕು?" ಎನ್ನುತ್ತಾರೆ ತಂದೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಈ ವಾದ ತೀರುವ ಮೊದಲೇ ಪೇಟೆಗೆ ಹೋಗಿ ಯಾವುದೋ ಒಂದು ಬಿಡಿಭಾಗ ತಂದರೆ ಹಣವೂ ಹೋಗುತ್ತದೆ, ಆಟವೂ ಮೊದಲಿನ ಹಾಗೆಯೇ ಉಳಿಯುತ್ತದೆ. ಒಂದು ಬೆಳೆಯಿಂದ ಕೈಗೆ ಬಂದ ದುಡ್ಡು ಹೀಗೆ ಹೋಗಬಾರದು. ಆದ್ದರಿಂದ ಹಳೆಯ ಕಂಪ್ಯೂಟರಿಗೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸುವುದು ಹೇಗೆಂದು ಇಂದು ವಿಚಾರ ಮಾಡೋಣ.

ಉದಾಹರಣೆಗೆ 2017ರಲ್ಲಿ ಜೋಡಿಸಿದ ಒಂದು ಸಾಧಾರಣ ಕಂಪ್ಯೂಟರನ್ನು ತೆಗೆದುಕೊಳ್ಳಿ. ಅದರಲ್ಲಿ ಇಂಟೆಲ್ ಕೋರ್ ಐ5-7400 ಪ್ರೊಸೆಸರ್, 8 ಜಿಬಿ ಮೆಮೊರಿ, 4 ಜಿಬಿಯ ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು, ಒಂದು ಟಿಬಿ ಹಾರ್ಡ್ ಡಿಸ್ಕ್ ಇವೆ. 2015ರಲ್ಲಿ ಕಂಪ್ಯೂಟರಿಗೆ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೋ 5' ಇದರಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ 2024ರ ಡಿಸೆಂಬರಿನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್' ಓಡುವುದಿಲ್ಲ. ಅದು ಕೇಳುವುದು ಕನಿಷ್ಠ 16 ಜಿಬಿ ಮೆಮೊರಿ, ಎಸ್‌ಎಸ್‌ಡಿಯಲ್ಲಿ 120 ಜಿಬಿ ಜಾಗ, ಮತ್ತು ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಬಲ್ಲ ಗ್ರಾಫಿಕ್ಸ್ ಕಾರ್ಡು. ಆ ಲೆಕ್ಕಕ್ಕೆ ಬೇಕಾದ ಯಂತ್ರಾಂಶವೇ 1050 ಟಿಐ ಕಾರ್ಡಿನಲ್ಲಿಲ್ಲ. ಆದ್ದರಿಂದ ಮೊದಲ ಪ್ರಶ್ನೆ "ಕಂಪ್ಯೂಟರು ಹಳೆಯದೇ?" ಎಂಬುದಲ್ಲ, "ಯಾವ ಆಟ ಆಡಬೇಕು?" ಎಂಬುದು. ಬೇಕಾದ ಮೂರು ಆಟಗಳ ಹೆಸರನ್ನು ಒಂದು ಕಾಗದದಲ್ಲಿ ಬರೆಯಿರಿ. ಪ್ರತಿಯೊಂದಕ್ಕೂ ತಯಾರಕರು ಹೇಳಿರುವ ಕನಿಷ್ಠ ಅಗತ್ಯವನ್ನು ಎದುರಿಗೆ ಬರೆಯಿರಿ. ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಇನ್ನು ಆಟ ತಡೆಯುವುದೇಕೆ? ಪರದೆಯ ಮೇಲೆ ನಾವು ಕಾಣುವುದು ಒಂದರ ಹಿಂದೆ ಒಂದು ಬರುವ ಚಿತ್ರಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ ಸೆಕೆಂಡಿನ 60ನೆಯ ಒಂದು ಭಾಗ ಮಾತ್ರ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗಲಿತು ಎಂಬ ಲೆಕ್ಕ ಪ್ರೊಸೆಸರಿನದು. ಆ ಲೆಕ್ಕದಂತೆ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಕೈಗೆ ಎಟಕುವಂತೆ ಸಾಮಾನು ಹರಡಿಕೊಳ್ಳುವ ಮೇಜು ಮೆಮೊರಿ. ಡಿಸ್ಕು ಹಿಂದಿನ ಉಗ್ರಾಣ. ಇವುಗಳಲ್ಲಿ ಯಾವುದು ನಿಧಾನವೋ ಅದರ ವೇಗವೇ ಇಡೀ ಕಂಪ್ಯೂಟರಿನ ವೇಗ. ಬಾವಿಗೆ ಎಷ್ಟೇ ದೊಡ್ಡ ಪಂಪ್‌ಸೆಟ್ಟು ಇಳಿಸಿದರೂ ಪೈಪು ಒಂದು ಇಂಚಿನದಾದರೆ ತೋಟಕ್ಕೆ ಬರುವ ನೀರು ಒಂದು ಇಂಚಿನದೇ ಅಲ್ಲವೇ? ಇಲ್ಲೂ ಹಾಗೆಯೇ. ಯಾವುದು ಸಣ್ಣ ಪೈಪು ಎಂದು ಮೊದಲು ಕಂಡುಹಿಡಿಯಬೇಕು.

ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಯಿದೆ. ಆಟ ತಡೆಯುವ ಜಾಗಕ್ಕೆ ಹೋಗಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟ ನೋಡಿ. ಮೆಮೊರಿ ಶೇಕಡಾ 90ಕ್ಕಿಂತ ಮೇಲೆ ತುಂಬಿ, ಡಿಸ್ಕು ಶೇಕಡಾ 100ರಲ್ಲಿ ನಿಂತಿದ್ದರೆ ಮೆಮೊರಿ ಸಾಲದು ಎಂದು ಅರ್ಥ. ಅದು ಸರಿಯಾಗಿದ್ದರೆ ಎರಡನೆಯ ಪರೀಕ್ಷೆ ಮಾಡಿ. ಆಟದ ಸೆಟ್ಟಿಂಗಿಗೆ ಹೋಗಿ ಚಿತ್ರದ ಅಳತೆಯನ್ನು 1920 ಗುಣಿಸು 1080ರಿಂದ 1280 ಗುಣಿಸು 720ಕ್ಕೆ ಇಳಿಸಿ. ಆಗ ಆಟ ಸರಾಗವಾಗಿ ಓಡಿದರೆ ಗ್ರಾಫಿಕ್ಸ್ ಕಾರ್ಡೇ ಸಣ್ಣ ಪೈಪು, ಏಕೆಂದರೆ ಬರೆಯಬೇಕಾದ ಚಿತ್ರ ಚಿಕ್ಕದಾಯಿತು. ಅಳತೆ ಇಳಿಸಿದರೂ ವ್ಯತ್ಯಾಸ ಕಾಣದಿದ್ದರೆ ಸಂಶಯ ಪ್ರೊಸೆಸರಿನ ಮೇಲೆ. ಅದರ ಲೆಕ್ಕ ಚಿತ್ರದ ಅಳತೆ ಇಳಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಈ ಪರೀಕ್ಷೆಯ ಫಲವನ್ನೂ ಅದೇ ಕಾಗದದಲ್ಲಿ ಬರೆದಿಡಿ.

ಹಣ ಹಾಕುವ ಮೊದಲು ಧೂಳು ತೆಗೆಯಿರಿ. ನಮ್ಮ ಹಳ್ಳಿಗಳ ಧೂಳು ಫ್ಯಾನಿನ ಹಿಂದೆ ಕಂಬಳಿಯ ಹಾಗೆ ಕೂರುತ್ತದೆ. ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಈ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ತಂತಿ ಕಿತ್ತು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿದ್ದರೆ ಹೊಸದಾಗಿ ಹಚ್ಚಿಸಿ. ಎಷ್ಟೋ ಸಲ ಇಷ್ಟರಲ್ಲೇ ರೋಗ ವಾಸಿಯಾಗುತ್ತದೆ.

ಇಷ್ಟಾದರೂ ಸಾಲದಿದ್ದರೆ ಹಣ ಹಾಕುವ ವಿಚಾರ. ಇಲ್ಲಿ ನೆನಪಿಡಬೇಕಾದ ಮಾತು ಒಂದೇ: ನಾಳೆ ಹೊಸ ಕಂಪ್ಯೂಟರು ತಂದಾಗ ನಿಮ್ಮ ಜೊತೆ ಬರುವ ವಸ್ತುವಿಗೆ ಧೈರ್ಯವಾಗಿ ಹಣ ಹಾಕಿ, ಹಳೆಯದರೊಂದಿಗೇ ಉಳಿದುಹೋಗುವ ವಸ್ತುವಿಗೆ ಕೈ ಹಿಡಿದು ಹಾಕಿ.

ಎಸ್‌ಎಸ್‌ಡಿ ಜೊತೆಗೆ ಬರುತ್ತದೆ. ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ಎಂಬಿ ಓದುತ್ತದೆ. ಆಟ ಬೇಗ ತೆರೆಯುತ್ತದೆ, ಇಡೀ ಕಂಪ್ಯೂಟರೇ ಚುರುಕಾಗುತ್ತದೆ. ಆದರೆ ಆಟದೊಳಗೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಇದರಿಂದ ಹೆಚ್ಚುವುದಿಲ್ಲ. ಅಂಗಡಿಯವರು ಬೇರೆ ಹೇಳಿದರೆ ನಂಬಬೇಡಿ.

ಗ್ರಾಫಿಕ್ಸ್ ಕಾರ್ಡೂ ಜೊತೆಗೆ ಬರುತ್ತದೆ. ಆದರೆ ಅದಕ್ಕೆ ವಿದ್ಯುತ್ತು ಕೊಡುವ ಪವರ್ ಸಪ್ಲೈ ನೋಡಿಕೊಳ್ಳಿ. 1050 ಟಿಐ ಕಾರ್ಡಿಗೆ 75 ವ್ಯಾಟ್ ಸಾಕು. 2021ರ ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವ್ಯಾಟ್ ಬೇಕು. 2023ರ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್ ಬೇಕು. ಈ ಎರಡಕ್ಕೂ 550 ವ್ಯಾಟಿನ ಸಪ್ಲೈ ಇರಬೇಕೆಂದು ಎನ್ವಿಡಿಯಾ ಕಂಪನಿಯೇ ಹೇಳಿದೆ. ಅಗ್ಗದ ಸಪ್ಲೈ ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಕಾರ್ಡನ್ನೂ ಬೋರ್ಡನ್ನೂ ಕೆಡಿಸೀತು. ವೋಲ್ಟೇಜು ಏರಿಳಿಯುವ ಊರಿನಲ್ಲಿ ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಪ್ರೊಸೆಸರಿನ ವಿಷಯ ಬೇರೆ. ಅದು ಮದರ್‌ಬೋರ್ಡಿಗೆ ಅಂಟಿಕೊಂಡ ಸಂಬಂಧ. ನಮ್ಮ ಉದಾಹರಣೆಯ ಐ5-7400 ತೆಗೆದು ಅದೇ ಬೋರ್ಡಿನಲ್ಲಿ ಐ7-7700 ಕೂರಿಸಬಹುದು. ಅಲ್ಲಿಗೆ ದಾರಿ ಮುಗಿಯಿತು. ಮುಂದಿನ ಎಂಟನೆಯ ತಲೆಮಾರಿನ ಪ್ರೊಸೆಸರುಗಳ ಸಾಕೆಟ್ಟು ನೋಡಲು ಅದೇ ಆದರೂ ಆ ಬೋರ್ಡಿನಲ್ಲಿ ಅವು ನಡೆಯುವುದಿಲ್ಲ. ಅದೇ 2017ರಲ್ಲಿ ನೆರೆಮನೆಯವರು ಎಎಂಡಿ ರೈಜೆನ್ 5 1600 ಕೊಂಡಿದ್ದರೆ ಅವರ ಕಥೆ ಬೇರೆ. ಎಎಂ4 ಎಂಬ ಆ ಸಾಕೆಟ್ಟಿಗೆ ಕಂಪನಿ 2022ರ ನಂತರವೂ ಪ್ರೊಸೆಸರುಗಳನ್ನು ತಂದಿತು. ಬೋರ್ಡಿನ ತಯಾರಕರು ಬಯಾಸ್ ಅಪ್‌ಡೇಟು ಕೊಟ್ಟಿದ್ದರೆ 2022ರ ರೈಜೆನ್ 5 5600 ಅದರಲ್ಲಿ ಕೂರುತ್ತದೆ, ಹಳೆಯ ಮೆಮೊರಿಯೂ ನಡೆಯುತ್ತದೆ. ಆ ಅಪ್‌ಡೇಟನ್ನು ಹಳೆಯ ಪ್ರೊಸೆಸರು ಇರುವಾಗಲೇ ಮಾಡಬೇಕು. ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಟ್ಟೀತು, ಆದ್ದರಿಂದ ಯುಪಿಎಸ್ ಇದ್ದ ಕಡೆ ಮಾಡಿಸಿ. ನೋಡಿ, ಎರಡು ಕಂಪ್ಯೂಟರಿಗೂ ಒಂದೇ ವಯಸ್ಸು. ಒಂದಕ್ಕೆ ಮುಂದೆ ದಾರಿಯಿದೆ, ಇನ್ನೊಂದಕ್ಕಿಲ್ಲ.

ಆಟಕ್ಕೆ ಮೀರಿದ ಮಾತೂ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ವರೆಗೆ, ಸುರಕ್ಷತೆಯ ಅಪ್‌ಡೇಟು ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆಯೂ, ಸಾಮಾನ್ಯವಾಗಿ ಇಂಟೆಲಿನ ಎಂಟನೆಯ ತಲೆಮಾರು ಅಥವಾ ರೈಜೆನ್ 2000 ಸಾಲಿನ ಮೇಲಿನ ಪ್ರೊಸೆಸರೂ ಬೇಕು. ಐ5-7400 ಆ ಪಟ್ಟಿಯಲ್ಲಿಲ್ಲ. ರೈಜೆನ್ 1600 ಕೂಡ ಇಲ್ಲ, ಆದರೆ ಅದರ ಜಾಗಕ್ಕೆ 5600 ಬಂದರೆ ಬಾಗಿಲು ತೆರೆಯುತ್ತದೆ. ಆಟವಾಡುವ ಕಂಪ್ಯೂಟರಿನಲ್ಲೇ ಬ್ಯಾಂಕಿನ ವ್ಯವಹಾರವನ್ನೂ ಮಾಡುವ ಮನೆಗೆ ಇದು ಸಣ್ಣ ವಿಷಯವಲ್ಲ. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರ ಸುರಕ್ಷಿತವಾಗಿ ನಡೆಯುತ್ತದೆ. 2018ರಲ್ಲಿ ಬಂದ ಪ್ರೋಟಾನ್ ಎಂಬ ಸಾಧನದಿಂದ ಸ್ಟೀಮಿನ ಬಹಳಷ್ಟು ಆಟಗಳು ಅದರಲ್ಲೂ ಓಡುತ್ತವೆ. ಆದರೆ 'ವ್ಯಾಲೊರಂಟ್'ನಂಥ ಕೆಲವು ಓಡುವುದಿಲ್ಲ. ಹುಡುಗನ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ.

ಮೆಮೊರಿಯ ಬೆಲೆಯ ಬಗ್ಗೆಯೂ ಎಚ್ಚರ ಬೇಕು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ರಾಶಿಗಟ್ಟಲೆ ಕೊಳ್ಳತೊಡಗಿದ್ದರಿಂದ 2025ರ ಕೊನೆಯಲ್ಲಿ ಅದರ ಬೆಲೆ ವಿಪರೀತ ಏರಿತು. ಅದೇ ವರ್ಷ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಹಳೆಯ ಬೆಲೆಯ ಲೆಕ್ಕದಲ್ಲಿ ಪೇಟೆಗೆ ಹೋಗಬೇಡಿ, ಫೋನು ಮಾಡಿ ಕೇಳಿಕೊಳ್ಳಿ. ನಡೆಯುತ್ತಿರುವ ಡಿಡಿಆರ್4 ಮೆಮೊರಿಯನ್ನು ಸಿಕ್ಕ ಬೆಲೆಗೆ ಮಾರಬೇಡಿ. ಅದು ಡಿಡಿಆರ್5 ಬೋರ್ಡಿನ ಗಾಡಿಯಲ್ಲಿ ಕೂರುವುದಿಲ್ಲ ಎಂಬುದೂ ನೆನಪಿರಲಿ.

ಗಡಿಯಲ್ಲಿರುವ ನಮಗೆ ಇನ್ನೊಂದು ಖರ್ಚಿದೆ. ಹೊಸೂರು, ತಾಳವಾಡಿ ಕಡೆಯವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾರು. ಕಾಸರಗೋಡಿನವರು ಮಂಗಳೂರಿಗೆ, ಸೊಲ್ಲಾಪುರ, ಜತ್ತ ಕಡೆಯವರು ಪುಣೆಗೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ ಹೋದಾರು. ತಂದ ಕಾರ್ಡು ಕೆಟ್ಟರೆ ಮತ್ತೆ ಅಷ್ಟೇ ದೂರ ಹೋಗಬೇಕು. ಅಂಗಡಿಯವರು ಮರಾಠಿಯಲ್ಲಿ ಮಾತಾಡಲಿ, ತಮಿಳಿನಲ್ಲಿ ಮಾತಾಡಲಿ, ವಾರಂಟಿಯ ಮಾತು ಬಾಯಲ್ಲಿ ಉಳಿಯದೆ ಬಿಲ್ಲಿನಲ್ಲಿರಬೇಕು. ವಸ್ತುವಿನ ಸೀರಿಯಲ್ ನಂಬರು, ತಾರೀಕು, ಜಿಎಸ್‌ಟಿ, ವಾರಂಟಿಯ ಅವಧಿ ಇವಿಷ್ಟೂ ಇರಲಿ. ಹಳೆಯ ಕಾರ್ಡು ಕೊಳ್ಳುವುದಾದರೆ ಕಣ್ಣೆದುರಿಗೆ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಹೇಳಿ. ಬಸ್ಸಿನ ಖರ್ಚನ್ನೂ ವಸ್ತುವಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಹಾಗಾದರೆ ತೀರ್ಮಾನವೇನು? ಪಟ್ಟಿಯಲ್ಲಿರುವುದು ಹಳೆಯ ಆಟಗಳೇ ಆಗಿದ್ದರೆ ಧೂಳು ತೆಗೆದು ಒಂದು ಎಸ್‌ಎಸ್‌ಡಿ ಹಾಕಿ. ಪರೀಕ್ಷೆಯಲ್ಲಿ ಮೆಮೊರಿ ಸಾಲದೆಂದು ಕಂಡಿದ್ದರೆ ಮಾತ್ರ ಅದನ್ನು ಸೇರಿಸಿ. ಬೋರ್ಡಿಗೆ ಮುಂದೆ ದಾರಿಯಿದ್ದರೆ ಪ್ರೊಸೆಸರು, ಕಾರ್ಡು ಎರಡನ್ನೂ ಒಂದೊಂದಾಗಿ ಬದಲಿಸಿ. ದಾರಿಯಿಲ್ಲದ ಬೋರ್ಡಿನಲ್ಲಿ ಹೊಸ ಆಟ ಆಡಬೇಕೆಂದಿದ್ದರೆ ಆ ಬೋರ್ಡಿಗೆ ಇನ್ನು ಹಣ ಸುರಿಯಬೇಡಿ. ಬೋರ್ಡು, ಪ್ರೊಸೆಸರು, ಮೆಮೊರಿ ಮೂರನ್ನೂ ಒಟ್ಟಿಗೆ ಕೊಳ್ಳುವಷ್ಟು ಕೂಡಿಸುವವರೆಗೆ ಕಾಯಿರಿ.

ಹಿರಿಯರಿಗೆ ಒಂದು ಮಾತು: ಆಟದ ವಿಷಯ ಎಂದ ಮಾತ್ರಕ್ಕೆ ಹುಡುಗರ ಮಾತನ್ನು ತಳ್ಳಿಹಾಕಬೇಡಿ, ಕಾಗದ ತೋರಿಸು ಎಂದು ಕೇಳಿ. ಹುಡುಗರಿಗೂ ಒಂದು ಮಾತು: "ಹಳೆಯದಾಯಿತು" ಎಂಬುದು ಕಾರಣವಲ್ಲ. ಯಾವ ಆಟ, ಯಾವ ಭಾಗ, ಎಷ್ಟು ಹಣ, ನಾಳೆ ಅದು ಜೊತೆಗೆ ಬರುತ್ತದೆಯೇ ಎಂಬ ನಾಲ್ಕು ಸಾಲು ಬರೆದುಕೊಂಡು ಬನ್ನಿ. ಅಂಥ ಕಾಗದಕ್ಕೆ ಬೇಡ ಎನ್ನುವ ತಂದೆ ತಾಯಿ ಕಡಿಮೆ. ಒಂದು ವೇಳೆ ಈ ವರ್ಷ ಬೇಡ ಎಂದರೂ, ಏಕೆ ಬೇಡ ಎಂಬುದು ಇಬ್ಬರಿಗೂ ತಿಳಿದಿರುತ್ತದೆ.