62 ಕಿಲೋಮೀಟರ್ ಉದ್ದದ ಜಗಲಿ

ಮಳೆ ಬಂತು, ತಿರುಗಾಟ ಕೆಟ್ಟಿತು ಎಂದು ಗೊಣಗುವವರು ಇಟಲಿಯ ಒಂದೂರನ್ನಾದರೂ ಮಳೆ ಹಿಡಿದಾಗಲೇ ನೋಡಬೇಕು. ಅದು ಬೊಲೊನ್ಯಾ. ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಓಡುವ ಪ್ಯಾಕೇಜ್ ಟೂರಿನವರು ಈ ಊರನ್ನು ಹಾದೇ ಹೋಗುತ್ತಾರೆ, ಇಳಿಯುವುದಿಲ್ಲ. ನಷ್ಟ ಅವರದು.

ನಾವು ಗೆಳೆಯರು ರೈಲಿಳಿದದ್ದು ನವೆಂಬರಿನ ಒಂದು ಬೆಳಿಗ್ಗೆ. ಜಿಟಿಜಿಟಿ ಮಳೆ, ಬಿಡುವ ಲಕ್ಷಣವೇ ಇಲ್ಲ. ಅಲ್ಲೇ ಎಂ.ಎ. ಓದುತ್ತಿರುವ ತೀರ್ಥಹಳ್ಳಿ ಕಡೆಯ ಗೆಳತಿ ಕರೆದೊಯ್ಯಲು ಬಂದಿದ್ದಳು, ಕೈಯಲ್ಲಿ ಕೊಡೆ ಇರಲಿಲ್ಲ. ಯಾಕೆ ಎಂದು ಕೇಳುವ ಮೊದಲೇ ಗೊತ್ತಾಯಿತು. ನಿಲ್ದಾಣದಿಂದ ಊರ ನಡುವಿನ ದೊಡ್ಡ ಚೌಕ ಪಿಯಾಜ್ಜಾ ಮಜ್ಜೋರೆಗೆ ಹೋಗುವ ದಾರಿಯುದ್ದಕ್ಕೂ ತಲೆಯ ಮೇಲೆ ಕಮಾನಿನ ಸೂರು. ಅಡ್ಡರಸ್ತೆ ದಾಟುವಾಗ ನಾಲ್ಕು ಹನಿ ಬಿದ್ದರೆ ಬಿತ್ತು. "ಲೇ, ಇದೇನ್ ಊರ ತುಂಬ ಪಡಸಾಲಿನ ಕಟ್ಟ್ಯಾರಲ್ಲ!" ಎಂದ ಧಾರವಾಡದ ಗೆಳೆಯ.

ಈ ಸೂರುದಾರಿಗಳಿಗೆ ಪೋರ್ಟಿಕೊ ಎನ್ನುತ್ತಾರೆ. ಊರಿನಲ್ಲಿರುವುದನ್ನೆಲ್ಲ ಜೋಡಿಸಿದರೆ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹುಟ್ಟಿದ್ದು ಮಾತ್ರ ಚೆಂದಕ್ಕಲ್ಲ, ಇಕ್ಕಟ್ಟಿಗೆ. 1088ರಲ್ಲಿ ಆರಂಭವಾಯಿತೆಂದು ಹೇಳುವ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಯುರೋಪಿನ ಎಲ್ಲ ಕಡೆಯಿಂದ ಹುಡುಗರು ಬರತೊಡಗಿದರು, ಮನೆ ಸಾಲಲಿಲ್ಲ. ಜನ ಮಹಡಿಯ ಕೋಣೆಗಳನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿದರು, ಚಾಚಿದ್ದು ಬೀಳದಂತೆ ಕೆಳಗೆ ಕಂಬ ಕೊಟ್ಟರು. ಬೇರೆ ಊರಾಗಿದ್ದರೆ ಒತ್ತುವರಿ ಎಂದು ಕೆಡವುತ್ತಿದ್ದರೇನೋ. ಬೊಲೊನ್ಯಾದವರು 1288ರಲ್ಲಿ ಅದನ್ನೇ ಕಾನೂನು ಮಾಡಿದರು. ಹೊಸ ಮನೆಗೆ ಪೋರ್ಟಿಕೊ ಇರಲೇಬೇಕು, ಕುದುರೆ ಸವಾರ ಹಾದುಹೋಗುವಷ್ಟು ಎತ್ತರವೂ ಇರಬೇಕು. ಕಟ್ಟಿ ನೋಡಿಕೊಳ್ಳುವ ಖರ್ಚು ಮನೆಯವನದು, ನಡೆಯುವ ಹಕ್ಕು ಊರಿನವರದು. ಆ ಕಟ್ಟಳೆಯ ಫಲವನ್ನು ಏಳು ಶತಮಾನ ಕಳೆದ ಮೇಲೂ ದಾರಿಹೋಕರು ಉಣ್ಣುತ್ತಿದ್ದಾರೆ. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಂಡು ರಸ್ತೆಗಿಳಿದು ನಡೆದು ರೂಢಿಯಾದ ಬೆಂಗಳೂರಿಗರಿಗೆ ಇದು ಕೊಂಚ ಹೊಟ್ಟೆಕಿಚ್ಚಿನ ವಿಷಯ.

ನಡೆಯುವಾಗ ನೆಲ ನೋಡಬೇಕು. ಒಂದು ಮನೆಯ ಮುಂದೆ ಕಲ್ಲುಚಪ್ಪಡಿ, ಪಕ್ಕದ ಮನೆ ಬಂದೊಡನೆ ಕೆಂಪು ಬಿಳಿ ಚೂರುಗಳ ಮೊಸಾಯಿಕ್, ಅದರಾಚೆ ಅರ್ಧ ಗೇಣು ತಗ್ಗು. ಕಂಬಗಳೂ ಹಾಗೆಯೇ: ಇಟ್ಟಿಗೆ, ಮರಳುಗಲ್ಲು, ಅಲ್ಲೊಂದು ಇಲ್ಲೊಂದು ಮರ. ಸ್ಟ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿ ಎಂಬ 13ನೇ ಶತಮಾನದ ಮನೆ ಇವತ್ತಿಗೂ ಎತ್ತರದ ಓಕ್ ಮರದ ಕಂಬಗಳ ಮೇಲೆಯೇ ನಿಂತಿದೆ. ಒದ್ದೆ ಬೂಟಿಗೆ ನಯವಾದ ಮೊಸಾಯಿಕ್ ಜಾರುತ್ತದೆ, ಜೋಪಾನ.

ದೊಡ್ಡ ಚೌಕದಲ್ಲಿರುವ ಸಾನ್ ಪೆಟ್ರೋನಿಯೊ ಚರ್ಚನ್ನು ಕಟ್ಟಲು ತೊಡಗಿದ್ದು 1390ರಲ್ಲಿ. ಮುಂಗೋಡೆಯ ಕೆಳಭಾಗಕ್ಕೆ ಅಮೃತಶಿಲೆ ಹೊದಿಸಿ, ಮೇಲಿನ ಇಟ್ಟಿಗೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಒಳಗೆ ಖಗೋಳಜ್ಞ ಕಸ್ಸೀನಿ 1655ರಲ್ಲಿ ನೆಲದ ಮೇಲೆ ಎಳೆಸಿದ ಸುಮಾರು 67 ಮೀಟರಿನ ಮಧ್ಯಾಹ್ನರೇಖೆ ಇದೆ. ಸೂರಿನ ತೂತಿನಿಂದ ಬಿಸಿಲ ಬಿಲ್ಲೆ ಅದರ ಮೇಲೆ ಬೀಳಬೇಕು. ನಮ್ಮ ದಿನ ಅದಕ್ಕೆ ರಜೆ. ಓರೆಯಾಗಿ ನಿಂತ ಗರಿಸೆಂಡಾ ಗೋಪುರದ ಸುತ್ತ, ಅದು ಮತ್ತಷ್ಟು ವಾಲೀತೆಂಬ ಭಯದಿಂದ 2023ರ ಅಕ್ಟೋಬರಿನಿಂದ ಯಾರನ್ನೂ ಬಿಡುತ್ತಿರಲಿಲ್ಲ. ದೂರದಿಂದಲೇ ಕೈಮುಗಿದೆವು. ಹಳೆಯ ವಿಶ್ವವಿದ್ಯಾಲಯದ ಕಟ್ಟಡ ಆರ್ಕಿಜಿನ್ನಾಸಿಯೊವನ್ನು ಮಾತ್ರ ತಪ್ಪಿಸಬಾರದು. ಅಲ್ಲಿ ಪೂರ್ತಿ ಮರದಲ್ಲಿ ಕೆತ್ತಿದ, ಶವ ಕೊಯ್ದು ಪಾಠ ಹೇಳುತ್ತಿದ್ದ ಸಭಾಂಗಣವಿದೆ. ನಡುವೆ ಬಿಳಿ ಅಮೃತಶಿಲೆಯ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಆಸನ. ಗುರುವಿನ ಪೀಠದ ಚಪ್ಪರವನ್ನು ಚರ್ಮ ಸುಲಿದ ಇಬ್ಬರು ಮನುಷ್ಯರ ಮರದ ಮೂರ್ತಿಗಳು ಹೊತ್ತಿವೆ. 1944ರ ಬಾಂಬ್ ದಾಳಿಯಲ್ಲಿ ಪುಡಿಯಾದದ್ದನ್ನು, ಅವಶೇಷದಡಿ ಸಿಕ್ಕ ಚೂರುಗಳನ್ನು ಆರಿಸಿ ಬಳಸಿ ಮತ್ತೆ ಕಟ್ಟಿದರು.

ಚೌಕದ ಪಕ್ಕದ ಪೊದೆಸ್ತಾ ಅರಮನೆಯ ಕಮಾನಿನ ಕೆಳಗೆ ಒಂದು ಮೋಜು. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರಿನ ಮೂಲೆಯಲ್ಲಿ ಸ್ಪಷ್ಟ ಕೇಳುತ್ತದೆ. ನಮ್ಮವರು ಶತಮಾನಗಳ ಆ ಕಮಾನಿಗೆ ಹೇಳಿದ್ದು, "ಹೊಟ್ಟೆ ಹಸೀತಿದೆ."

ಹಸಿವಿಗೆ ಕ್ವಾಡ್ರಿಲಾತೆರೊ ಎಂಬ ಹಳೆ ಪೇಟೆ ಎರಡು ಹೆಜ್ಜೆ. ಅಲ್ಲಿ ಬ್ರೆಡ್ಡು, ಚೀಸು, ಆಲಿವ್ ಕಟ್ಟಿಸಿಕೊಂಡು 1465ರಿಂದ ನಡೆಯುತ್ತಿದೆ ಎನ್ನುವ ಒಸ್ಟೇರಿಯಾ ದೆಲ್ ಸೋಲೆಗೆ ಹೋದೆವು. ಇಲ್ಲಿ ಕುಡಿಯುವುದನ್ನು ಮಾತ್ರ ಮಾರುತ್ತಾರೆ, ಊಟ ನಿಮ್ಮದೇ. ಉದ್ದದ ಮರದ ಮೇಜು, ಪಕ್ಕದಲ್ಲಿ ಇಸ್ಪೀಟಾಡುವ ಹಿರಿಯರು, ಎದುರಿಗೆ ಪರೀಕ್ಷೆ ಮುಗಿಸಿದ ಹುಡುಗರು. ಗದ್ದಲವೋ ಗದ್ದಲ. ಊರಿನ ಅತಿ ಒಳ್ಳೆಯ ಕೋಣೆ ಇದೇ ಎಂದು ನನಗನ್ನಿಸಿತು.

ಮಧ್ಯಾಹ್ನ ಸ್ಯಾನ್ ಲೂಕಾ ಬೆಟ್ಟ. ಊರಿನಿಂದ ಗುಡ್ಡದ ತುದಿಯ ದೇವಾಲಯದವರೆಗೆ ಸುಮಾರು 3.8 ಕಿಲೋಮೀಟರ್, 666 ಕಮಾನು, ನಡುವೆ ಕಡಿಯದ ಸೂರು. ಕೆಲಸ ಆರಂಭವಾದದ್ದು 1674ರಲ್ಲಿ. ಊರಿನವರು ಹಣ ಕೊಟ್ಟದ್ದಲ್ಲದೆ ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಗ್ರಿ ದಾಟಿಸಿದರಂತೆ. ಇದರ ಬೇರೂ ಮಳೆಯಲ್ಲೇ ಇದೆ. 1433ರಲ್ಲಿ ಬಿಡದೆ ಸುರಿದು ಬೆಳೆ ಕೊಳೆಯುವಂತಾದಾಗ ಬೆಟ್ಟದ ಮೇಲಿನ ಮರಿಯಮ್ಮನವರ ಚಿತ್ರವನ್ನು ಮೆರವಣಿಗೆಯಲ್ಲಿ ಊರಿಗೆ ಇಳಿಸಿದರು, ಮಳೆ ನಿಂತಿತು ಎಂಬುದು ನಂಬಿಕೆ. ಈಗಲೂ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಚಿತ್ರ ಊರಿಗಿಳಿಯುತ್ತದೆ. ನಾವು ಮಳೆ ಬರಲೆಂದು ಕಪ್ಪೆಗಳಿಗೆ ಮದುವೆ ಮಾಡಿಸುವವರು, ಇವರು ಸಾಕು ನಿಲ್ಲಲಿ ಎಂದು ಬೇಡಿಕೊಂಡವರು. ಬೊಲೊನ್ಯಾದ ಕಪ್ಪೆಗಳಿಗೆ ಆ ಮದುವೆಯ ಭಾಗ್ಯ ಇರಲಿಲ್ಲ. ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ತಗುಲಿಸಿ ಅದು ಎಗರುವುದನ್ನು ಕಂಡದ್ದು ಇದೇ ಊರಿನಲ್ಲಿ.

ಕೊನೆಯ ಏರು ಮೆಟ್ಟಿಲು ಮೊಣಕಾಲಿನ ಪರೀಕ್ಷೆ. ಮೇಲೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ, ಆದರೂ ಒಬ್ಬರೂ ಒದ್ದೆಯಾಗಿರಲಿಲ್ಲ.

ರಾತ್ರಿಯೂಟದ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡಬೇಕು. ಜಗತ್ತೆಲ್ಲ ಈ ಊರಿನ ಹೆಸರಿನಲ್ಲಿ ತಿನ್ನುವ ಸ್ಪಗೆಟ್ಟಿ ಇಲ್ಲಿನ ಸಂಪ್ರದಾಯದಲ್ಲಿಲ್ಲ. ಮಾಂಸದ ರಗೂ ಜೊತೆ ಬಡಿಸುವುದು ತಾಲ್ಯಾತೆಲ್ಲೆ ಎಂಬ ಮೊಟ್ಟೆ ಹಿಟ್ಟಿನ ಅಗಲ ಎಳೆ. ಅದರ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿ, ಬಂಗಾರದ ಮಾದರಿಯನ್ನೂ ಇಟ್ಟಿದ್ದಾರೆ. ಇದೇ ಊರಿನ ಆಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗವಂತೆ! ಪುಟ್ಟ ತೊರ್ತೆಲ್ಲಿನಿಯೊಳಗೂ, ಅದು ತೇಲುವ ಸಾರಿನಲ್ಲೂ ಮಾಂಸವೇ. ಸಸ್ಯಾಹಾರಿಗಳು ಕೇಳಬೇಕಾದದ್ದು ಅದರ ದೊಡ್ಡಕ್ಕ ತೊರ್ತೆಲ್ಲೊನಿಯನ್ನು: ಒಳಗೆ ರಿಕೊತ್ತಾ ಚೀಸು, ಮೇಲೆ ಬಿಸಿ ಬೆಣ್ಣೆ, ಸೇಜ್ ಎಲೆ. ಪೂರಿಯಂತೆ ಉಬ್ಬುವ ಕ್ರೆಶೆಂತಿನೆ ಕಂಡು ಕೈ ಚಾಚುವ ಮುನ್ನ ವಿಚಾರಿಸಿ, ಸಂಪ್ರದಾಯದಂತೆ ಕರಿಯುವುದು ಹಂದಿಕೊಬ್ಬಿನಲ್ಲಿ. ಪಾರ್ಮಿಜಾನೊ ಚೀಸಿನ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆ. ತೀರ್ಥಹಳ್ಳಿ ಗೆಳತಿ ಇದನ್ನು ತಿಳಿಸಿದ್ದು ಧಾರವಾಡದವನು ತಟ್ಟೆ ತುಂಬ ತುರಿ ಉದುರಿಸಿಕೊಂಡ ಮೇಲೆ. ಅವನು ಒಂದು ಗಳಿಗೆ ಚಮಚ ಹಿಡಿದು ಕೂತ. "ಮೊದಲ ಹೇಳಬೇಕಿತ್ತಲ್ಲವಾ," ಎಂದು ಬೈದು, ಊಟ ಮುಂದುವರಿಸಿದ.